ಓದುಗರ ಸ್ಪಂದನ: ಬೆಕ್ಕಿನ ಹೃದಯದ ಗೋಡೆ ದಪ್ಪವಾಗಿದೆ, ಮದ್ದು ಈಗಲೇ ಬೇಕೇ?

ಪೆರ್ಲದ ಓದುಗರೊಬ್ಬರ ಸಮಸ್ಯೆ: ಏಳು ವರ್ಷದ ಗಂಡು ಬೆಕ್ಕು, ತೂಕ 4.5 ಕಿಲೋ. ಲಸಿಕೆಗೆ ಒಯ್ದಾಗ ಎದೆಯಲ್ಲಿ ಮರ್ಮರ (ಹೃದಯದ ಅಸಹಜ ಸದ್ದು) ಕೇಳಿಸಿತು. ಮಂಗಳೂರಿನಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದೆವು. ಎಡ ಕೆಳಕೋಣೆಯ ಗೋಡೆ 6.8 ಮಿ.ಮೀ. ಇದೆ; ಎಡ ಮೇಲ್ಕೋಣೆಗೂ ಮಹಾಧಮನಿಗೂ ಇರುವ ಅನುಪಾತ 1.8. ಎಕ್ಸ್‌-ರೇಯಲ್ಲಿ ಶ್ವಾಸಕೋಶ ಸ್ವಚ್ಛವಾಗಿದೆ. ಕಾರಣ ತಿಳಿಯದು ಎಂದು ಹೇಳಿ ಫ್ಯೂರೋಸೆಮೈಡ್ (ಮೈಯ ನೀರು ಇಳಿಸುವುದು), ಅಟೆನೊಲಾಲ್ (ಹೃದಯದ ಬಡಿತ ತಗ್ಗಿಸುವುದು), ಕ್ಲೋಪಿಡೋಗ್ರೆಲ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವುದು) ಮೂರನ್ನೂ ಬರೆದುಕೊಟ್ಟಿದ್ದಾರೆ. ಬೂತಾಯಿ ಮೀನು ಬೇಯಿಸಿ ಅನ್ನಕ್ಕೆ ಕಲಸಿ ಹಾಕುತ್ತೇವೆ; ಬೆಕ್ಕು ಚೆನ್ನಾಗಿ ತಿನ್ನುತ್ತದೆ, ಆಡುತ್ತದೆ. ಏನು ಮಾಡಲಿ?

*

ಅಕ್ಕಾ, ‘ಕಾರಣ ತಿಳಿಯದು’ ಅನ್ನುವ ಮಾತು ಎರಡು ಪರೀಕ್ಷೆ ಮುಗಿದ ಮೇಲೆ ಬರಬೇಕು. ಆರು ವರ್ಷ ದಾಟಿದ ಬೆಕ್ಕಿನಲ್ಲಿ ಗೋಡೆ ದಪ್ಪ ಕಂಡರೆ ಮೊದಲು ರಕ್ತದಲ್ಲಿ ಟಿ4 (ಥೈರಾಯ್ಡ್ ಹಾರ್ಮೋನು) ನೋಡಿಸಿ, ಆಮೇಲೆ ರಕ್ತದೊತ್ತಡ. ಥೈರಾಯ್ಡ್ ಹೆಚ್ಚಾದರೂ ಒತ್ತಡ ಏರಿದರೂ ಗೋಡೆ ದಪ್ಪವಾಗುತ್ತದೆ, ಮತ್ತು ಇವೆರಡಕ್ಕೂ ಬೇರೆಯೇ ಚಿಕಿತ್ಸೆ ಇದೆ. ಒತ್ತಡಕ್ಕಾದರೆ ಅಮ್ಲೋಡಿಪಿನ್, ಐದು ಕಿಲೋದೊಳಗಿನ ಬೆಕ್ಕಿಗೆ ದಿನಕ್ಕೆ 0.625 ಮಿ.ಗ್ರಾಂ.ನಿಂದ ಸುರು. ಈ ಎರಡನ್ನು ಬಿಟ್ಟು ನೇರ ಹೃದಯದ ಮದ್ದಿಗೆ ಕೈಹಾಕಿದರೆ ಮೂಲ ರೋಗ ಹಾಗೆಯೇ ಉಳಿಯುತ್ತದೆ.

ಒತ್ತಡ ಅಳೆಯುವ ಕ್ರಮವೂ ಮುಖ್ಯ. ಬುಟ್ಟಿಯಿಂದ ಹೊರಬಂದ ಬೆಕ್ಕು ಐದರಿಂದ ಹತ್ತು ನಿಮಿಷ ಸುಧಾರಿಸಿಕೊಳ್ಳಲಿ. ಕಾಲಿಗೆ ಸುತ್ತುವ ಪಟ್ಟಿಯ ಅಗಲ ಕಾಲಿನ ಸುತ್ತಳತೆಯ ಶೇ. 30–40ರಷ್ಟಿರಬೇಕು, ಕಿರಿದಾದರೆ ಅಂಕಿ ಸುಳ್ಳುಸುಳ್ಳೇ ಏರುತ್ತದೆ. ಮೊದಲ ಅಳತೆಯನ್ನು ಬಿಟ್ಟು ಮುಂದಿನ ಐದಾರರ ಸರಾಸರಿ ತೆಗೆಯಬೇಕು. ಹೀಗೆ ಅಳೆದೂ ಮೇಲಿನ ಅಂಕಿ 160 ದಾಟಿ, ಇನ್ನೊಂದು ದಿನವೂ ಹಾಗೇ ಬಂದರೆ ಒತ್ತಡ ಹೆಚ್ಚಿದೆ ಎಂದೇ ಅರ್ಥ.

ಎರಡೂ ಸರಿಯಿದ್ದರೆ ಮಾತ್ರ ಇದು ಹೃದಯ ಸ್ನಾಯುವಿನದೇ ರೋಗ. ಆಗ ಮೂರು ಮದ್ದಿಗೂ ಒಂದೇ ಉತ್ತರವಿಲ್ಲ. ಗೋಡೆ 6 ಮಿ.ಮೀ. ಮೀರಿದ್ದು ರೋಗದ ಗುರುತು, ಆದರೆ ಮದ್ದನ್ನು ನಿರ್ಧರಿಸುವುದು ಮೇಲ್ಕೋಣೆಯ ಗಾತ್ರ. 1.8 ಎಂದರೆ ಅದು ಚೆನ್ನಾಗಿಯೇ ಹಿಗ್ಗಿದೆ. ಹಿಗ್ಗಿದ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಹೊರಟು ಮಹಾಧಮನಿ ಹಿಂಗಾಲುಗಳಿಗೆ ಕವಲೊಡೆಯುವಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಕ್ಲೋಪಿಡೋಗ್ರೆಲನ್ನು ನಾನಾದರೆ ತಡಮಾಡದೆ ಸುರು ಮಾಡುತ್ತೇನೆ. ಫ್ಯೂರೋಸೆಮೈಡ್ ಈಗ ಬೇಡ. ಶ್ವಾಸಕೋಶದಲ್ಲಿ ನೀರಿಲ್ಲದಾಗ ಅದು ದೇಹ ಒಣಗಿಸಿ, ಪೊಟ್ಯಾಸಿಯಂ ಇಳಿಸಿ, ಮೂತ್ರಪಿಂಡಕ್ಕೆ ಹೊರೆಯಾಗುತ್ತದೆ. ಅಟೆನೊಲಾಲ್ ವಿಷಯದಲ್ಲಿ, ರಕ್ತ ಹೊರಹೋಗುವ ದಾರಿಯಲ್ಲಿ ಜೋರು ಅಡಚಣೆ ಇದೆಯೇ ಎಂದು ಎಕೋ ಮಾಡಿದವರನ್ನು ಕೇಳಿ. ಇಲ್ಲದಿದ್ದರೆ ಅದರಿಂದ ಆಯುಸ್ಸು ಹೆಚ್ಚುತ್ತದೆ ಎನ್ನಲು ಆಧಾರವಿಲ್ಲ. ಬರೆದುಕೊಟ್ಟವರಲ್ಲಿಗೇ ಹೋಗಿ ಇದನ್ನೆಲ್ಲ ಮಾತಾಡಿ. ನೀವಾಗಿ ಬಿಡುವುದು, ಬದಲಿಸುವುದು ಬೇಡ.

— ನಿವೃತ್ತ ಪಶುವೈದ್ಯರು, ಬದಿಯಡ್ಕ

*

ಮದ್ದಿನಂಗಡಿಯಲ್ಲಿ ನಡೆಯುವ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಲೋಪಿಡೋಗ್ರೆಲ್ 75 ಕೇಳಿದರೆ ಆಸ್ಪಿರಿನ್ ಸೇರಿದ ಜೋಡಿ ಮಾತ್ರೆಯೂ ಸಿಗುತ್ತದೆ. ಬೆಕ್ಕಿನ ದೇಹದಲ್ಲಿ ಆಸ್ಪಿರಿನ್ ಬಹಳ ನಿಧಾನ ಕರಗುವುದು, ಅದನ್ನು ತರಬೇಡಿ. ಅಟೆನೊಲಾಲ್ ಅಮ್ಲೋಡಿಪಿನ್ ಜೊತೆಗೂ, ಫ್ಯೂರೋಸೆಮೈಡ್ ಸ್ಪೈರೊನೊಲ್ಯಾಕ್ಟೋನ್ ಜೊತೆಗೂ ಬರುತ್ತದೆ. ಮಾತ್ರೆಯ ಪಟ್ಟಿಯ ಹಿಂದೆ ಒಂದೇ ಮದ್ದಿನ ಹೆಸರಿದೆಯೇ ಎಂದು ಓದಿ ನೋಡಿಯೇ ದುಡ್ಡು ಕೊಡಿ.

ಕ್ಲೋಪಿಡೋಗ್ರೆಲ್ ಬೆಕ್ಕಿಗೆ ದಿನಕ್ಕೆ 18.75 ಮಿ.ಗ್ರಾಂ., ಅಂದರೆ 75ರ ಮಾತ್ರೆಯ ಕಾಲು ಭಾಗ. ಚಾಕುವಿನಲ್ಲಿ ಒತ್ತಿದರೆ ಪುಡಿ ಹಾರುತ್ತದೆ, ಮಾತ್ರೆ ಕತ್ತರಿಸುವ ಪೆಟ್ಟಿಗೆ ತೆಗೆದುಕೊಳ್ಳಿ. ಕತ್ತರಿಸಿದ ಬದಿ ನಾಲಗೆಗೆ ತಾಗಿದರೆ ಸಾಕು, ವಿಪರೀತ ಕಹಿ. ಬೆಕ್ಕು ಬಾಯಿತುಂಬ ನೊರೆ ಸುರಿಸುತ್ತದೆ. ಅದು ಮದ್ದು ಒಗ್ಗದ ಲಕ್ಷಣವಲ್ಲ, ಕಹಿಯ ಹಟ ಅಷ್ಟೆ. ನಾಲ್ಕನೇ ನಂಬ್ರದ ಖಾಲಿ ಜೆಲಾಟಿನ್ ಕ್ಯಾಪ್ಸೂಲಿಗೆ ತುಂಬಿ, ಹೊರಗೆ ಚೂರು ಬೆಣ್ಣೆ ಸವರಿ, ನಾಲಗೆಯ ಬುಡಕ್ಕೆ ಹಾಕಿ. ಹಿಂದೆಯೇ ಸೂಜಿಯಿಲ್ಲದ ಸಿರಿಂಜಿನಿಂದ ಕೆನ್ನೆಯ ಬದಿಗೆ ನಾಲ್ಕೈದು ಮಿ.ಲೀ. ನೀರು ನಿಧಾನವಾಗಿ ಬಿಡಿ. ಒಣಗಂಟಲಲ್ಲಿ ಕ್ಯಾಪ್ಸೂಲು ಅನ್ನನಾಳಕ್ಕೆ ಅಂಟಿಕೊಂಡರೆ ಅಲ್ಲಿ ಹುಣ್ಣಾಗುತ್ತದೆ.

ಮುಂದೆ ಫ್ಯೂರೋಸೆಮೈಡ್ ಬೇಕಾಗಿ ಬಂದರೆ 40ರ ಮಾತ್ರೆಯನ್ನು ಹತ್ತು ಪಾಲು ಮಾಡಲು ಹೊರಡಬೇಡಿ, ಯಾವ ಪಾಲೂ ಸಮ ಬರುವುದಿಲ್ಲ. ಬಾಯಿಗೆ ಹಾಕುವ ದ್ರವರೂಪದ್ದನ್ನು ಬರೆಸಿಕೊಳ್ಳಿ.

— ಔಷಧ ವಿತರಕರು, ಕುಂಬಳೆ

*

ನಿದ್ದೆಯಲ್ಲಿ ಉಸಿರು ಎಣಿಸಿ. ಗಾಢ ನಿದ್ದೆ ಇರಬೇಕು. ಗುರುಗುಟ್ಟುವಾಗ, ಬಿಸಿಲಿಂದ ಬಂದು ಬಿದ್ದುಕೊಂಡಾಗ ಬೇಡ. ಪಕ್ಕೆ ಏರಿ ಇಳಿದರೆ ಒಂದು. ಮೂವತ್ತು ಸೆಕೆಂಡು ಎಣಿಸಿ ಇಮ್ಮಡಿ ಮಾಡಿ, ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆಯಿರಿ. ನಿಮಿಷಕ್ಕೆ 30ರ ಒಳಗಿದ್ದರೆ ಸಾಮಾನ್ಯವಾಗಿ ನಿಶ್ಚಿಂತೆ. ಒಂದು ವಾರದ ಅಂಕಿ ನೋಡಿದರೆ ನಿಮ್ಮ ಬೆಕ್ಕಿನ ಮಾಮೂಲು ಎಷ್ಟೆಂದು ತಿಳಿಯುತ್ತದೆ. 20 ಇದ್ದದ್ದು 28ಕ್ಕೆ ಬಂದು ನಿಂತರೆ ಆಗಲೇ ಫೋನು ಮಾಡಿ. 30 ದಾಟಿ ಮತ್ತೆ ಎಣಿಸಿದಾಗಲೂ ಹಾಗೇ ಇದ್ದರೆ ಅದೇ ದಿನ ತೋರಿಸಬೇಕು. ಬಾಯಿ ತೆರೆದು ಉಸಿರಾಡಿದರೆ ಬೆಳಗಾಗಲಿ ಎಂದು ಕಾಯಬೇಡಿ.

ಹಿಂಗಾಲು ಒಮ್ಮೆಲೇ ಎಳೆದು, ಕಿರುಚಿ, ಪಾದ ತಣ್ಣಗಾಗಿ ಅಂಗಾಲು ನೀಲಿಗಟ್ಟಿದರೆ ಅದು ಹೆಪ್ಪು. ಎಲುಬು ಮುರಿದಿದೆ ಎಂದುಕೊಂಡು ತಿಕ್ಕುವುದು, ಬಿಸಿನೀರಿನ ಶಾಖ ಕೊಡುವುದು ಮಾಡಬೇಡಿ. ಪ್ಯಾರಾಸಿಟಮಾಲ್ ಖಂಡಿತ ಬೇಡ, ಅದು ಬೆಕ್ಕಿಗೆ ವಿಷ. ಪೆರ್ಲದಿಂದ ರಾತ್ರಿ ಹೊರಡಬೇಕಾದರೆ ಯಾವ ಆಸ್ಪತ್ರೆ ತೆರೆದಿರುತ್ತದೆ, ಅಲ್ಲಿ ಆಮ್ಲಜನಕ ಇದೆಯೇ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ.

— ಬೆಕ್ಕುಗಳ ಆರೈಕೆ ಮಾಡುವವರು, ಮಂಜೇಶ್ವರ

*

ಬೂತಾಯಿ ಬೇಯಿಸಿ ಅನ್ನಕ್ಕೆ ಕಲಸಿ ಹಾಕಿದ್ದರಿಂದ ಹೀಗಾಯಿತೋ ಎಂಬ ಚಿಂತೆ ಬೇಡ. ಟಾರಿನ್ (ಬೆಕ್ಕಿಗೆ ಆಹಾರದಿಂದಲೇ ಸಿಗಬೇಕಾದ ಪೋಷಕಾಂಶ) ಕೊರತೆಯಾದರೆ ಹೃದಯದ ಗೋಡೆ ತೆಳ್ಳಗಾಗಿ ಕೋಣೆ ಜೋತುಬೀಳುತ್ತದೆ. 1987ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟದ್ದು ಅದನ್ನು. ನಿಮ್ಮದು ದಪ್ಪವಾದ ಗೋಡೆ, ಟಾರಿನ್ ಕೊಟ್ಟರೆ ಇಳಿಯದು. ಆದರೂ ಬೇಯಿಸಿದ ನೀರು ಚೆಲ್ಲಿದರೆ ಟಾರಿನ್ ಅದರೊಟ್ಟಿಗೇ ಹೋಗುತ್ತದೆ, ಹಾಗಾಗಿ ಆ ನೀರನ್ನೂ ಅನ್ನಕ್ಕೆ ಸೇರಿಸಿ, ಅರ್ಧದಷ್ಟಾದರೂ ಬೆಕ್ಕಿನದೇ ಸಂಪೂರ್ಣ ಆಹಾರ ಕೊಡಿ. ನಾಯಿಯ ಆಹಾರ ಬದಲಿಗೆ ಆಗದು. ಉಪ್ಪು ಹಾಕಿದ ಒಣಮೀನು ನಿಲ್ಲಿಸಿ.

— ಓದುಗರು, ಉಪ್ಪಳ

*

ಒಂದು ವಿಷಯ ಯಾರೂ ಹೇಳಲಿಲ್ಲ. ತುರಿಕೆಗೆಂದು ಕೊಡುವ, ವಾರಗಟ್ಟಲೆ ಕೆಲಸ ಮಾಡುವ ಸ್ಟೀರಾಯ್ಡ್ ಚುಚ್ಚುಮದ್ದು, ಸುಸ್ತಿಗೆಂದು ಹಾಕುವ ಡ್ರಿಪ್, ಅರಿವಳಿಕೆ, ಇವು ಮೂರೂ ಇಂಥ ಬೆಕ್ಕನ್ನು ಒಮ್ಮೆಲೇ ಹೃದಯ ವೈಫಲ್ಯಕ್ಕೆ ದೂಡಬಲ್ಲವು. ಊರಿನ ಮೃಗಾಸ್ಪತ್ರೆಗೆ ಬೇರೆ ಯಾವುದಕ್ಕೆ ಹೋದರೂ ಎಕೋ ವರದಿ ಕೈಯಲ್ಲಿರಲಿ. ಲಸಿಕೆ ಕಾರ್ಡಿನ ಮೊದಲ ಪುಟದಲ್ಲೇ ‘ಹೃದಯದ ಗೋಡೆ ದಪ್ಪ, ಮೇಲ್ಕೋಣೆ ಹಿಗ್ಗಿದೆ’ ಎಂದು ಕೆಂಪು ಶಾಯಿಯಲ್ಲಿ, ಎಕೋದ ತಾರೀಕು ಸಮೇತ ಬರೆಸಿಡಿ. ಮುಂದಿನ ಎಕೋ ಆರು ತಿಂಗಳಿಗೆ ಸಾಕು, ಉಸಿರಿನ ಅಂಕಿ ಏರಿದರೆ ಮಾತ್ರ ಅದಕ್ಕೂ ಮೊದಲು.

— ಪಶುವೈದ್ಯಕೀಯ ಸಹಾಯಕರು, ಮುಳ್ಳೇರಿಯ