ಮಾವನ ಲ್ಯಾಪ್‌ಟಾಪ್ ಭಂಗಾರ್‌ಗೆ (ಗುಜರಿಗೆ) ಹಾಕುವ ಮೊದಲು

ನಮ್ಮ ಕುಟುಂಬದ ಗ್ರೂಪಿನಲ್ಲಿ ಹೆಚ್ಚಿನವರು ಮುಂಬೈ, ಪುಣೆ ಕಡೆಯವರು. ದಿನಾ ಬರುವುದು ಊರಿನ ಮಳೆ, ಯಾರದೋ ಮದುವೆ, ಲೋಕಲ್ ಟ್ರೇನ್ ತಡವಾದ ಸುದ್ದಿ. 2025ರ ದೀಪಾವಳಿ ಮುಗಿದ ವಾರ ಮಾತ್ರ ಒಂದು ಫಾರ್ವರ್ಡ್ ಮೇಲೆ ರಾತ್ರಿ ಹನ್ನೊಂದೂವರೆವರೆಗೆ ಮಾತು ನಡೆಯಿತು. ನನ್ನ ಫೋನಿನಲ್ಲಿ ಯಾರ ಹೆಸರು ಹೇಗೆ ಸೇವ್ ಆಗಿದೆಯೋ ಹಾಗೇ ಇಲ್ಲಿ ಹಾಕಿದ್ದೇನೆ. ಗೊತ್ತಿಲ್ಲದವರಿಗೆ: ಲಿನಕ್ಸ್ ಅಂದರೆ ವಿಂಡೋಸ್ ಹಾಗೆ ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರ್, ಡೆಬಿಯನ್ ಅದರ ಒಂದು ಬಗೆ. 32 ಬಿಟ್, 64 ಬಿಟ್ ಅಂದರೆ ಚಿಪ್ ಒಂದು ಸಲಕ್ಕೆ ಎಷ್ಟು ದೊಡ್ಡ ಲೆಕ್ಕ ಹಿಡಿಯುತ್ತದೆ ಅನ್ನುವುದು; 32 ಹಳೆ ಕಾಲದ್ದು.

ಡೊಂಬಿವಲಿ ಮಾವ: (ಫಾರ್ವರ್ಡ್) ಡೆಬಿಯನ್ 13 ಬಂದಿದೆ. 32 ಬಿಟ್ ಬಂದ್. ಹಳೆ ಕಂಪ್ಯೂಟರುಗಳಿಗೆ ಇನ್ನು ಲಿನಕ್ಸ್ ಇಲ್ಲ. ಎಲ್ಲರಿಗೂ ಕಳಿಸಿ.

ಡೊಂಬಿವಲಿ ಮಾವ: ಇದು ನಿಜವಾ? ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಡೆಬಿಯನ್ 12, ಅದೂ 32 ಬಿಟ್. ಸೊಸೈಟಿ ಲೆಕ್ಕ ಪೂರ್ತಿ ಅದರಲ್ಲೇ ಇದೆ. ಮೊನ್ನೆ ಲ್ಯಾಮಿಂಗ್ಟನ್ ರೋಡಿಗೆ ಹೋಗಿದ್ದೆ, ಒಂದು ಅಂಗಡಿಯಲ್ಲಿ ಕೇಳಿದೆ. ಅವನು ಬ್ಯಾಗಿನಿಂದ ಹೊರಗೆ ತೆಗೆಯಲೂ ಬಿಡಲಿಲ್ಲ, ಭಂಗಾರ್‌ವಾಲನಿಗೆ ಕೊಟ್ಟುಬಿಡಿ ಅಂಕಲ್ ಅಂದ.

ಪುಣೆ ಭಾವ: ಸರಿಯಾಗೇ ಹೇಳಿದ್ದಾನೆ ಮಾವ. ಅಷ್ಟು ಹಳೆ ಮಷೀನು, ಇನ್ನೆಷ್ಟು ವರ್ಷ ಎಳೆಯುತ್ತೀರಿ? ಹೊಸದು ತಗೊಳ್ಳಿ. ಡೆಬಿಯನ್ ಅಂತೂ ಬೇಡವೇ ಬೇಡ. ಹೊಸದು ಅಂತ ಬಿಡುಗಡೆ ಮಾಡಿದ ದಿನವೇ ಅದು ಹಳೆಯದು. ಕರ್ನಲ್ (ಅದರ ಒಳಗಿನ ತಿರುಳು) 6.12, ಅದು ಕಳೆದ ವರ್ಷ ನವೆಂಬರಿನದು. ನಾನು ಒಂದ್ಸಲ ಹಾಕಿ ನೋಡಿದ್ದೇನೆ, ವೈಫೈಯೇ ಬರಲಿಲ್ಲ.

ನಾನು: ಮಾವ, ದಯವಿಟ್ಟು ಯಾರಿಗೂ ಕೊಡಬೇಡಿ. ಆ ಫಾರ್ವರ್ಡಿನಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ನಾನು ಕುರ್ಲಾದಲ್ಲಿ ಇಳಿಯುತ್ತಿದ್ದೇನೆ, ಮನೆಗೆ ಹೋಗಿ ಬರೆಯುತ್ತೇನೆ.

ನಾನು: ಬಂದೆ. ಮೊದಲು ನಿಜ ಇರುವುದನ್ನು ಹೇಳುತ್ತೇನೆ. ಡೆಬಿಯನ್ 13, ಹೆಸರು ಟ್ರಿಕ್ಸಿ, 2025 ಆಗಸ್ಟ್ 9ಕ್ಕೆ ಬಂತು. ಇದರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ, ಕರ್ನಲ್ ಕೂಡ ಇಲ್ಲ. 64 ಬಿಟ್ ಮಷೀನಿನಲ್ಲಿ ಹಳೆ 32 ಬಿಟ್ ಪ್ರೋಗ್ರಾಂ ಓಡಿಸಬೇಕಾದರೆ ಅಷ್ಟಕ್ಕೆ ಮಾತ್ರ ಅದನ್ನು ಉಳಿಸಿದ್ದಾರೆ. 32 ಬಿಟ್ ಡೆಬಿಯನ್ 12 ಇರುವವರು ಹಾಗೇ 13ಕ್ಕೆ ಅಪ್‌ಗ್ರೇಡ್ ಮಾಡಬೇಡಿ ಅಂತ ರಿಲೀಸ್ ನೋಟ್ಸಿನಲ್ಲೇ ಬರೆದಿದ್ದಾರೆ. ಇಲ್ಲಿವರೆಗೆ ನಿಜ. "ಹಳೆ ಕಂಪ್ಯೂಟರುಗಳಿಗೆ ಲಿನಕ್ಸ್ ಇಲ್ಲ" ಅನ್ನುವುದು ಸುಳ್ಳು. ಹಳೆಯದು ಬೇರೆ, 32 ಬಿಟ್ ಬೇರೆ.

ನಾನು: ಭಾವ, ನೀವು ವೈಫೈ ಅಂದಿರಲ್ಲ, ಅದು ಆಗ ನಿಜವಾದ ಕಷ್ಟವೇ. ವೈಫೈ ಕಾರ್ಡಿನ ಒಳಗೆ ಓಡಬೇಕಾದ ಸಣ್ಣ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್ ಮುಕ್ತ ಸಾಫ್ಟ್‌ವೇರ್ ಅಲ್ಲ ಅಂತ ಇನ್‌ಸ್ಟಾಲರ್‌ನಲ್ಲಿ ಕೊಡುತ್ತಿರಲಿಲ್ಲ, ನಾವೇ ಹುಡುಕಿ ಪೆನ್‌ಡ್ರೈವ್‌ಗೆ ಹಾಕಬೇಕಿತ್ತು. 2022ರಲ್ಲಿ ಅವರೊಳಗೇ ಮತ ಹಾಕಿ ಅದನ್ನು ಬದಲಾಯಿಸಿದರು. 2023 ಜೂನಿನಲ್ಲಿ ಬಂದ 12ರಿಂದ ಫರ್ಮ್‌ವೇರ್ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ. ಮತ್ತೆ 32 ಬಿಟ್ ಬಿಟ್ಟರು ಅಂತ ಡೆಬಿಯನ್‌ಗೆ ಬೈಯುವುದಾದರೆ, ನಿಮ್ಮ ಫೆಡೋರಾ, ಅದೂ ಒಂದು ಲಿನಕ್ಸೇ, 2019ರಲ್ಲೇ 32 ಬಿಟ್ ಕರ್ನಲ್ ಕೈಬಿಟ್ಟಿತ್ತು. ಅವರು ಎದ್ದು ಹೋದ ಮೇಲೂ ಆರು ವರ್ಷ ಕೂತವರು ಇವರು.

ಪುಣೆ ಭಾವ: ಸರಿ ಮಾರಾಯ, ವೈಫೈ ಒಪ್ಪಿದೆ. ಆದರೆ ಕರ್ನಲ್ ಹಳೆಯದು ಅನ್ನುವುದಕ್ಕೆ ಏನು ಹೇಳುತ್ತೀ? ಹಳೆ ವರ್ಷನ್ ಅಂದರೆ ಹಳೆ ತೂತುಗಳು. ಸೆಕ್ಯುರಿಟಿ ಎಲ್ಲಿ ಬಂತು?

ನಾನು: ಹಾಗಲ್ಲ ಭಾವ. ನಂಬರ್ ನಿಲ್ಲುತ್ತದೆ, ರಿಪೇರಿ ನಿಲ್ಲುವುದಿಲ್ಲ. 6.12 ದೀರ್ಘ ಕಾಲ ನೋಡಿಕೊಳ್ಳುವ ಕರ್ನಲ್, ಅದಕ್ಕೇ ಆರಿಸಿದ್ದು. ಉಳಿದ ಪ್ಯಾಕೇಜುಗಳಲ್ಲಿ, ಅಂದರೆ ಪ್ರೋಗ್ರಾಂಗಳಲ್ಲಿ, ತೂತು ಸಿಕ್ಕಿದರೆ ಹೊಸ ವರ್ಷನ್ನಿನಿಂದ ಆ ಒಂದು ತೇಪೆಯನ್ನು ಮಾತ್ರ ಎತ್ತಿ ಹಳೆಯದಕ್ಕೆ ಹಾಕುತ್ತಾರೆ. ಹೊಸ ಬಟನ್, ಹೊಸ ಮೆನು ಯಾವುದೂ ಜೊತೆಗೆ ಬರುವುದಿಲ್ಲ. ಫೈರ್‌ಫಾಕ್ಸಿನಂಥ ಕೆಲವಕ್ಕೆ ಮಾತ್ರ ಇದು ಆಗುವುದಿಲ್ಲ, ಅವು ಹೊಸದಾಗಿಯೇ ಬರುತ್ತವೆ. ಮಾವ ತಿಂಗಳ ಕೊನೆಗೆ ಮೇಂಟೆನೆನ್ಸ್ ರಸೀದಿ ಪ್ರಿಂಟ್ ಮಾಡುವವರು. ಅವರಿಗೆ ಬೇಕಾದದ್ದು ನಿನ್ನೆ ಇದ್ದ ಹಾಗೆ ಇವತ್ತೂ ಇರುವುದು.

ಮುಲುಂಡ್ ಅಕ್ಕ: ಇದನ್ನು ನಾನು ಒಪ್ಪುವುದಿಲ್ಲ. ನಿನ್ನೆ ಇದ್ದ ಹಾಗೆ ಇವತ್ತು ಇಲ್ಲ, ನನ್ನದನ್ನು ಕೇಳು. ನೀನೇ ಹೇಳಿದ್ದೆ ಅಂತ ಹೋದ ಭಾನುವಾರ ನನ್ನ 64 ಬಿಟ್ ಲ್ಯಾಪ್‌ಟಾಪನ್ನು 12ರಿಂದ 13ಕ್ಕೆ ತಂದೆ. ಅಪ್‌ಗ್ರೇಡ್ ಚೆನ್ನಾಗೇ ಆಯಿತು. ಏನು ತೆಗೆಯುತ್ತೇನೆ ಅನ್ನುವುದನ್ನು ಈಗ ಎಪಿಟಿ (ಪ್ರೋಗ್ರಾಂ ಹಾಕಿ ತೆಗೆಯುವ ಕಮಾಂಡ್) ಕೆಂಪು ಬಣ್ಣದಲ್ಲಿ ತೋರಿಸುತ್ತದೆ, ಕಾಲಂ ಮಾಡಿ ಸಾಲಾಗಿ ಇಡುತ್ತದೆ, ಅದು ನಿಜವಾಗಿ ಉಪಕಾರ. ಆದರೆ ಮಾರನೇ ದಿನ ತಾಳಮದ್ದಳೆ ರೆಕಾರ್ಡಿಂಗ್ ಎಡಿಟ್ ಮಾಡಲು ಕೂತೆ. ಮೂರು ಗಂಟೆಯ ವೀಡಿಯೊ. ಮುಕ್ಕಾಲು ಭಾಗ ಆದ ಮೇಲೆ ನಿಂತಿತು. ಡಿಸ್ಕಿನಲ್ಲಿ ಜಾಗ ಇಲ್ಲ ಅನ್ನುತ್ತದೆ. ನನ್ನ ಡಿಸ್ಕಿನಲ್ಲಿ 200 ಜಿಬಿ ಖಾಲಿ ಇದೆ! ಎರಡು ಸಲ ಮಾಡಿದೆ, ಎರಡೂ ಸಲ ಅದೇ. ಇದಾ ನಿನ್ನ ಸ್ಟೇಬಲ್?

ನಾನು: ಅಕ್ಕ, ಒಂದು ಕೆಲಸ ಮಾಡು. ಟರ್ಮಿನಲ್ ತೆಗೆದು "ಡಿಎಫ್ ಮೈನಸ್ ಎಚ್" ಹಾಕಿ, ಬಂದದ್ದರ ಫೋಟೋ ಕಳಿಸು.

ಮುಲುಂಡ್ ಅಕ್ಕ: (ಫೋಟೋ)

ನಾನು: ಸಿಕ್ಕಿತು. ಮೇಲಿಂದ ಐದನೇ ಸಾಲು ನೋಡು. ಎಡಕ್ಕೆ ಟಿಎಂಪಿಎಫ್‌ಎಸ್ ಅಂತ ಇದೆ, ಸೈಜ್ 3.9 ಜಿ, ಬಲಕ್ಕೆ ಕೊನೆಯಲ್ಲಿ ಸ್ಲ್ಯಾಶ್ ಟಿಎಂಪಿ. ಇದು 13ರಲ್ಲಿ ಆದ ಬದಲಾವಣೆ. ತಾತ್ಕಾಲಿಕ ಫೈಲುಗಳ ಆ ಫೋಲ್ಡರ್ ಮೊದಲು ಡಿಸ್ಕಿನಲ್ಲಿ ಇತ್ತು, ಈಗ ರ‍್ಯಾಮಿನಲ್ಲಿ ಇದೆ. ಹೆಚ್ಚೆಂದರೆ ರ‍್ಯಾಮಿನ ಅರ್ಧದವರೆಗೆ ಬೆಳೆಯಬಹುದು. ನಿನ್ನದು 8 ಜಿಬಿ, ಅದಕ್ಕೇ ಸುಮಾರು 4. ನಿನ್ನ ಎಡಿಟರ್ ನಡುವಿನ ಫೈಲುಗಳನ್ನೆಲ್ಲ ಅಲ್ಲಿ ಬರೆಯುತ್ತಿದೆ. ಆ 4 ತುಂಬಿದ ಕೂಡಲೇ ಜಾಗ ಇಲ್ಲ ಅನ್ನುತ್ತದೆ, ಡಿಸ್ಕಿನಲ್ಲಿ ಎಷ್ಟೇ ಖಾಲಿ ಇರಲಿ.

ಮುಲುಂಡ್ ಅಕ್ಕ: ಯಾಕೆ ಹಾಗೆ ಮಾಡಿದರು? ಯಾರು ಕೇಳಿದ್ದರು?

ನಾನು: ರ‍್ಯಾಮಿನಲ್ಲಿ ಇದ್ದರೆ ಸಣ್ಣ ಸಣ್ಣ ಫೈಲುಗಳ ಕೆಲಸ ಬೇಗ ಆಗುತ್ತದೆ, ಎಸ್‌ಎಸ್‌ಡಿಗೆ ಸುಮ್ನೆ ಬರೆದು ಅಳಿಸುವುದು ಕಡಿಮೆಯಾಗುತ್ತದೆ. ಜಾಸ್ತಿ ಜನರಿಗೆ ಗೊತ್ತೇ ಆಗುವುದಿಲ್ಲ. ವೀಡಿಯೊ ಮಾಡುವ ನಿನ್ನಂಥವರಿಗೆ ತಾಗುತ್ತದೆ. ಅದನ್ನು ಮೊದಲಿನ ಹಾಗೆ ಮಾಡುವ ಕಮಾಂಡ್ ಒಂದೇ ಸಾಲು, ಫೋಟೋ ಹಾಕಿದ್ದೇನೆ. ಅದನ್ನು ಹಾಕಿ ರೀಸ್ಟಾರ್ಟ್ ಮಾಡು. ಇಲ್ಲವಾದರೆ ಎಡಿಟರ್ ಸೆಟ್ಟಿಂಗಿನಲ್ಲಿ ತಾತ್ಕಾಲಿಕ ಫೋಲ್ಡರನ್ನು ನಿನ್ನ ಹೋಮ್‌ಗೆ ಬದಲಾಯಿಸಿದರೂ ಆಯಿತು. ನನ್ನನ್ನು ಕೇಳಿದರೆ ಎರಡನೆಯದೇ ಒಳ್ಳೆಯದು.

ನಾನು: ಆದರೆ ನಿನ್ನ ಸಿಟ್ಟು ನ್ಯಾಯವೇ, ಅಕ್ಕ. ಸ್ಟೇಬಲ್ ಅಂದರೆ ಏನೂ ಬದಲಾಗುವುದಿಲ್ಲ ಅಂತ ನಾನು ನಿನಗೆ ಹೇಳಿದ್ದು ತಪ್ಪು. ಬದಲಾಗುತ್ತದೆ. ಎರಡು ವರ್ಷಕ್ಕೊಮ್ಮೆ ಎಲ್ಲ ಒಟ್ಟಿಗೆ ಬದಲಾಗುತ್ತದೆ, ಆ ನಡುವೆ ಇಲ್ಲ. ಬದಲಾಗುವಾಗ ಏನೇನು ಅಂತ ಬರೆದು ಕೈಗೆ ಕೊಡುತ್ತಾರೆ. ಈ ಟಿಎಂಪಿ ವಿಷಯ ಅದರಲ್ಲಿದೆ, ಮೊದಲಿನ ಹಾಗೆ ಮಾಡುವುದು ಹೇಗೆ ಅಂತಲೂ ಇದೆ. ಆ ಪುಟ ಓದಿದ ಮೇಲೆ ಅಪ್‌ಗ್ರೇಡ್ ಮಾಡು ಅಂತ ನಾನು ನಿನಗೆ ಹೇಳಬೇಕಿತ್ತು. ಒಂದು ತಾಸಿನ ಓದು. ಕೈಯಲ್ಲಿ ಮುಹೂರ್ತದ ಚೀಟಿ ಇಟ್ಟುಕೊಂಡು ಗೃಹಪ್ರವೇಶ ಮಾಡುವವರು ನಾವು, ಇದಕ್ಕೆ ಒಂದು ತಾಸು ಕೊಡಬಹುದು ಅಲ್ವಾ.

ವಸಾಯಿ ಚಿಕ್ಕಮ್ಮ: ನಿಮ್ಮ ಮಾತು ಓದುತ್ತಾ ಇದ್ದೆ ಮಗಾ. ನನ್ನ ಚಿಕ್ಕ ನೆಟ್‌ಬುಕ್ ಇದೆಯಲ್ಲ, ಭಾನುವಾರ ಮಕ್ಕಳ ಕನ್ನಡ ತರಗತಿಗೆ ಒಯ್ಯುವುದು. ಅದರ ಗತಿ ಏನು? ಕನ್ನಡದ ಕಗಪ ಕೀಲಿಮಣೆ ಹಾಕಿ ಕೊಟ್ಟಿದ್ದೀ, ಮಕ್ಕಳು ಅದರಲ್ಲೇ ಅಆಇಈ ಬರೆಯುತ್ತಾರೆ. ಕೆಳಗೆ ಸ್ಟಿಕ್ಕರ್ ಮೇಲೆ ಆಟಂ ಎನ್270 ಅಂತ ಇದೆ.

ನಾನು: ಚಿಕ್ಕಮ್ಮ, ಸುಳ್ಳು ಹೇಳುವುದಿಲ್ಲ. ಅದು ನಿಜವಾಗಿಯೂ 32 ಬಿಟ್. 2008ರಲ್ಲಿ ಬಂದ ಚಿಪ್ ಅದು, 64 ಬಿಟ್ ಅದರಲ್ಲಿ ಇಲ್ಲವೇ ಇಲ್ಲ. 13 ಅದಕ್ಕೆ ಬರುವುದಿಲ್ಲ. ನನಗೂ ಬೇಜಾರಾಗುತ್ತದೆ. ಆ ಚಿಕ್ಕ ಮಷೀನಿನ ಮೇಲೆ ಎಷ್ಟು ಮಕ್ಕಳು ಹೆಸರು ಬರೆಯಲು ಕಲಿತಿದ್ದಾರೆ ಅಂತ ನಿಮಗೇ ಗೊತ್ತು. ಆದರೆ ಅವರ ಕಡೆಯಿಂದ ನೋಡಿದರೆ, ಅಂಥ ಮಷೀನು ಕೈಯಲ್ಲಿಟ್ಟುಕೊಂಡು ಪರೀಕ್ಷೆ ಮಾಡುವ ಜನ ಕಡಿಮೆಯಾಗಿದ್ದಾರೆ. ಫೈರ್‌ಫಾಕ್ಸ್ ಕೂಡ 32 ಬಿಟ್ ಲಿನಕ್ಸಿಗೆ 144ನೇ ಆವೃತ್ತಿಯೇ ಕೊನೆ ಅಂದಿದೆ. ಈಗಿನ 12 ಹಾಗೇ ಇರಲಿ. ತರಗತಿಯಲ್ಲಿ ನೆಟ್ ಬೇಕಾಗಿಲ್ಲ. ಬರೆಯಲು, ಫಾಂಟ್ ತೋರಿಸಲು ಅದು ಚೆನ್ನಾಗೇ ಓಡುತ್ತದೆ. ಬ್ಯಾಂಕಿನ ಕೆಲಸ, ಮೇಲ್ ಇವಕ್ಕೆ ಮಾತ್ರ ಅದನ್ನು ಬಳಸಬೇಡಿ.

ವಸಾಯಿ ಚಿಕ್ಕಮ್ಮ: ಬ್ಯಾಂಕಿಗೆ ನಾನು ಫೋನೂ ಬಳಸುವುದಿಲ್ಲ, ನಡೆದುಕೊಂಡೇ ಹೋಗುತ್ತೇನೆ. ಸರಿ ಹಾಗಾದರೆ.

ಪುಣೆ ಭಾವ: ನೋಡು, ಕೊನೆಗೆ ನನ್ನ ಮಾತಿಗೇ ಬಂದೆ. 32 ಬಿಟ್ ಅಂದರೆ ಮುಗಿಯಿತು. ಮಾವನದೂ ಅಷ್ಟೇ. ಸುಮ್ನೆ ಆಸೆ ಹುಟ್ಟಿಸಬೇಡ.

ನಾನು: ಮಾವನದು 32 ಬಿಟ್ ಅಂತ ಯಾರು ನೋಡಿದ್ದಾರೆ? ಅವರಲ್ಲಿ ಇರುವ ಡೆಬಿಯನ್ 32 ಬಿಟ್. ಮಷೀನು ಯಾವುದು ಅಂತ ಅಂಗಡಿಯವನೂ ನೋಡಿಲ್ಲ, ನೀವೂ ನೋಡಿಲ್ಲ. ಆ ಕಾಲದಲ್ಲಿ 64 ಬಿಟ್ ಚಿಪ್ಪಿನ ಮೇಲೆ 32 ಬಿಟ್ ವಿಂಡೋಸ್ ಹಾಕಿ ಮಾರಿದ ಲ್ಯಾಪ್‌ಟಾಪ್ ಎಷ್ಟೋ ಇವೆ. ಆಮೇಲೆ ಲಿನಕ್ಸ್ ಹಾಕಿದವರೂ ಅದನ್ನೇ ನೋಡಿ 32 ಬಿಟ್ ಹಾಕುತ್ತಾರೆ. ಮಾವ, ಮಲಗಿದಿರಾ?

ಡೊಂಬಿವಲಿ ಮಾವ: ಇಲ್ಲ, ಲ್ಯಾಪ್‌ಟಾಪ್ ಎದುರಿಗೇ ಕೂತಿದ್ದೇನೆ.

ನಾನು: ಟರ್ಮಿನಲ್‌ನಲ್ಲಿ "ಎಲ್‌ಎಸ್‌ಸಿಪಿಯು" ಅಂತ ಹೊಡೆಯಿರಿ. ಮೇಲಿನ ಎರಡನೇ ಸಾಲು ಓದಿ ಹೇಳಿ, ಸಿಪಿಯು ಆಪ್ ಮೋಡ್ ಅಂತ ಶುರುವಾಗುವುದು.

ಡೊಂಬಿವಲಿ ಮಾವ: 32 ಬಿಟ್ ಕಾಮಾ 64 ಬಿಟ್. ಎರಡೂ ಇದೆ. ಕೆಳಗೆ ಕೋರ್ 2 ಡ್ಯುಯೊ ಅಂತ ಇದೆ.

ನಾನು: ಮಾವ, ನಿಮ್ಮ ಮಷೀನು 64 ಬಿಟ್! ಡೆಬಿಯನ್ 13 ಅದಕ್ಕೆ ಬರುತ್ತದೆ.

ಮುಲುಂಡ್ ಅಕ್ಕ: ಅಯ್ಯೋ, ಇಷ್ಟು ವರ್ಷ ಯಾರೂ ನೋಡಲೇ ಇಲ್ಲವಾ?

ಪುಣೆ ಭಾವ: ಇದು ನನಗೂ ಹೊಳೆಯಲಿಲ್ಲ. ಸರಿ, ಮಾವನ ವಿಷಯದಲ್ಲಿ ನಾನು ಅವಸರ ಮಾಡಿದೆ. ರ‍್ಯಾಮ್ ಎಷ್ಟಿದೆ ಮಾವ?

ಡೊಂಬಿವಲಿ ಮಾವ: 4 ಜಿಬಿ. ಹಿಂದೊಮ್ಮೆ ಹೆಚ್ಚಿಸಿದ್ದೆವು.

ಪುಣೆ ಭಾವ: ಹಾಗಾದರೆ ಡೆಸ್ಕ್‌ಟಾಪ್‌ಗೆ ಗ್ನೋಮ್ ಬೇಡ, ಭಾರ. ಎಕ್ಸ್‌ಎಫ್‌ಸಿಇ ಹಾಕಿ. ಹಾರ್ಡ್‌ಡಿಸ್ಕ್ ತೆಗೆದು ಒಂದು ಎಸ್‌ಎಸ್‌ಡಿ ಹಾಕಿದರೆ ಇನ್ನೂ ಚೆನ್ನ. ನನ್ನ ಹತ್ತಿರ 240 ಜಿಬಿಯದು ಸುಮ್ನೆ ಬಿದ್ದಿದೆ, ಶನಿವಾರ ತರುತ್ತೇನೆ.

ನಾನು: ತನ್ನಿ ಭಾವ, ಅದು ಎಲ್ಲಕ್ಕಿಂತ ದೊಡ್ಡ ಉಪಕಾರ. ಹಳೆ ಡಿಸ್ಕನ್ನು ಮುಟ್ಟದೆ ತೆಗೆದಿಟ್ಟರೆ ಅದೇ ಬ್ಯಾಕಪ್ ಕೂಡ ಆಯಿತು. 32ರಿಂದ 64ಕ್ಕೆ ಹಾಗೇ ಹಾರುವ ದಾರಿ ಇದೆ ಅಂತ ಕೆಲವರು ಹೇಳುತ್ತಾರೆ, ಸೊಸೈಟಿ ಲೆಕ್ಕ ಇರುವ ಮಷೀನಿನಲ್ಲಿ ನಾನು ಅದನ್ನು ಮಾಡುವುದಿಲ್ಲ. ಹೊಸದಾಗಿಯೇ ಇನ್‌ಸ್ಟಾಲ್ ಮಾಡೋಣ. ಮಾವ, ಇನ್ನೊಂದು ಲಾಭ ಇದೆ. ನಿಮ್ಮ ಮೊಮ್ಮಗಳ ಪಿಪಿಎಫ್ ಖಾತೆ ಈ ವರ್ಷ ತೆರೆದದ್ದು ಅಲ್ವಾ? ಈ ಆರ್ಥಿಕ ವರ್ಷ ಮುಗಿದ ಮೇಲೆ 15 ವರ್ಷ, ಅಂದರೆ 2041ರವರೆಗೆ ಹೋಗುತ್ತದೆ. ಹಳೆ 32 ಬಿಟ್ ಗಡಿಯಾರ 1970ರಿಂದ ಸೆಕೆಂಡು ಎಣಿಸುತ್ತಾ 2038 ಜನವರಿ 19ಕ್ಕೆ ತುಂಬಿಬಿಡುತ್ತದೆ, ಆಮೇಲೆ ತಿರುಗಿ 1901 ಅನ್ನುತ್ತದೆ. 64 ಬಿಟ್ ಡೆಬಿಯನ್‌ನಲ್ಲಿ ಆ ಕಷ್ಟ ಮೊದಲೇ ಇಲ್ಲ. 13ರಲ್ಲಿ ಪಿಸಿ ಅಲ್ಲದ 32 ಬಿಟ್ ಮಷೀನುಗಳಿಗೂ 64 ಬಿಟ್ ಸಮಯ ತಂದಿದ್ದಾರೆ. ಒಂದೊಂದು ಪ್ಯಾಕೇಜ್ ಹಿಡಿದು ಮತ್ತೆ ಕಟ್ಟಿದ್ದಾರೆ. ಯಾರ ಕಣ್ಣಿಗೂ ಬೀಳದ ಕೆಲಸ, ನನಗೆ ಈ ಬಿಡುಗಡೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಅದೇ.

ಡೊಂಬಿವಲಿ ಮಾವ: 2041ಕ್ಕೆ ನಾನು ಇರುತ್ತೇನೋ ಇಲ್ಲವೋ, ಲೆಕ್ಕ ಸರಿ ಇದ್ದರೆ ಆಯಿತು. ಇದು ಎಷ್ಟು ವರ್ಷ ಬರುತ್ತದೆ?

ನಾನು: ಐದು ವರ್ಷ. ಮೂರು ವರ್ಷ ಪೂರ್ತಿ ಸಪೋರ್ಟ್, ಆಮೇಲೆ ಎರಡು ವರ್ಷ ಸೆಕ್ಯುರಿಟಿ ರಿಪೇರಿಯ ಎಲ್‌ಟಿಎಸ್. ಒಂದೇ ಒಂದು ಮಾತು ನೆನಪಿಡಿ, ಟಿಎಂಪಿ ಫೋಲ್ಡರಿನಲ್ಲಿ ಏನನ್ನೂ ಇಡಬೇಡಿ. ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಹತ್ತು ದಿನ ಮುಟ್ಟದ ಫೈಲನ್ನು ಅಲ್ಲಿಂದ ಅದೇ ಅಳಿಸುತ್ತದೆ. ಸ್ಕ್ಯಾನ್ ಮಾಡಿದ ಬಿಲ್ಲೆಲ್ಲ ಡಾಕ್ಯುಮೆಂಟ್ಸ್‌ನಲ್ಲೇ ಇರಲಿ.

ವಸಾಯಿ ಚಿಕ್ಕಮ್ಮ: ಅಣ್ಣನದರಲ್ಲಿ ಕಗಪ ಹಾಕಲು ಮರೆಯಬೇಡ. ಗುಬ್ಬಿ, ನವಿಲು ಫಾಂಟ್ ಕೂಡ.

ನಾನು: ಖಂಡಿತ ಚಿಕ್ಕಮ್ಮ, ಎರಡೂ ಡೆಬಿಯನ್‌ನಲ್ಲೇ ಇವೆ.

ಡೊಂಬಿವಲಿ ಮಾವ: ಭಾನುವಾರ ಬೆಳಿಗ್ಗೆ ಎಲ್ಲರೂ ಇಲ್ಲಿಗೇ ಬನ್ನಿ, ಅತ್ತೆ ನೀರುದೋಸೆ ಮಾಡುತ್ತಾಳಂತೆ. 16 ಜಿಬಿ ಪೆನ್‌ಡ್ರೈವ್ ಒಂದು ಇದೆ, ಸಾಕಾ?

ನಾನು: ಧಾರಾಳ ಸಾಕು. ಅದರಲ್ಲಿ ಏನಾದರೂ ಇದ್ದರೆ ಈಗಲೇ ತೆಗೆದಿಡಿ ಮಾವ, ಬರೆಯುವಾಗ ಎಲ್ಲ ಅಳಿಸಿಹೋಗುತ್ತದೆ.

ಡೊಂಬಿವಲಿ ಮಾವ: ಮೊಮ್ಮಗಳ ನಾಮಕರಣದ ಫೋಟೋ ಇದೆ. ಈಗಲೇ ತೆಗೆಯುತ್ತೇನೆ.