ಅಳಿವೆ ಕಡಿಯಬಾರದಂತೆ, ಬೆರಳುದ್ದದ ಮೀನಿಗಾಗಿಯೇ?

ಕುಮಟಾದವಳು:
ನಾವೀಗ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿದ್ದೇವೆ. ಬೇಸಿಗೆಯಲ್ಲಿ ಇಲ್ಲಿನ ಸ್ಯಾನ್ ಲೊರೆಂಜೊ ನದಿಯ ಬಾಯಿಗೆ ಮರಳು ಬಂದು ಕೂರುತ್ತದೆ. ಒಳಗೆ ನೀರು ಕೆರೆಯಂತೆ ನಿಲ್ಲುತ್ತದೆ. ನಿನ್ನೆ ಮಗ ಸಣ್ಣ ಸಲಿಕೆ ಹಿಡಿದು ಅಲ್ಲಿ ಕಾಲುವೆ ತೋಡಲು ಕೂತ. ಒಬ್ಬ ಅಜ್ಜಿ ಓಡಿ ಬಂದು ತಡೆದರು. ಟೈಡ್‌ವಾಟರ್ ಗೋಬಿ ಅನ್ನುವ ಮೀನು ಸಾಯುತ್ತದಂತೆ. ಗದ್ದೆಗೆ ನೀರು ಏರಿದರೆ ಅಳಿವೆ ಕಡಿಯುವುದನ್ನು, ಅಂದರೆ ನದಿಯ ಬಾಯಿಯ ಮರಳು ತೋಡಿ ನೀರನ್ನು ಕಡಲಿಗೆ ಬಿಡುವುದನ್ನು, ನೋಡಿ ಬೆಳೆದವಳು ನಾನು. ಇದರಿಂದ ಮೀನಿಗೇನು ತೊಂದರೆ?

ಬಲೆ ಎಳೆಯುವವನು:
ಅಜ್ಜಿ ಹೇಳಿದ್ದು ನಿಜ, ಅಕ್ಕ. ಪರವಾನಗಿ ಇರುವ ಮೀನು ತಜ್ಞರ ಜೊತೆ ಎಣಿಕೆಗೆ ಹೋಗುತ್ತೇನೆ, ಸಣ್ಣ ಕಣ್ಣಿನ ಬಲೆ ಎಳೆಯುವುದು ನನ್ನ ಕೆಲಸ. ಮೊದಲ ಸಲ ಅಂಗೈಯ ನೀರಲ್ಲಿ ಗೋಬಿ ನೋಡಿದಾಗ ಉಸಿರು ಬಿಗಿಹಿಡಿದಿದ್ದೆ. ಉದ್ದ 5 ಸೆಂ.ಮೀ. ಇದ್ದರೆ ಹೆಚ್ಚು. ಮೈಯೆಲ್ಲ ಮರಳಿನ ಬಣ್ಣ, ಬೆನ್ನಿನ ಮುಂದಿನ ರೆಕ್ಕೆಯ ತುದಿ ಮಾತ್ರ ಗಾಜಿನಂತೆ.

ಇದಕ್ಕೆ ಅರೆ ಉಪ್ಪಿನ, ಹೆಚ್ಚು ಅಲುಗಾಡದ ನೀರು ಬೇಕು. ಗಂಡು ತಳದ ಮರಳಲ್ಲಿ ಬಿಲ ತೋಡುತ್ತದೆ. ಹೆಣ್ಣುಗಳು ಮೈ ಕಪ್ಪಾಗಿಸಿಕೊಂಡು ಗಂಡಿಗಾಗಿ ಜಗಳ ಆಡುತ್ತವೆ! ಮೊಟ್ಟೆ ಇಟ್ಟ ಮೇಲೆ ಕಾವಲು ಗಂಡಿನದೇ. ಮರಿ ಆಗುವವರೆಗೂ ಅದು ಬಿಲ ಬಿಟ್ಟು ಕದಲುವುದು ಕಡಿಮೆ. ಅಂಥ ಹೊತ್ತಲ್ಲಿ ಮರಳು ಕಡಿದರೆ ನೀರು ಒಂದೇ ಸಲ ಇಳಿಯುತ್ತದೆ. ಬಿಲ ಒಣಗುತ್ತದೆ, ಮೀನು ಕಡಲಿಗೆ ಕೊಚ್ಚಿಹೋಗುತ್ತದೆ. ಆಯಸ್ಸು ಸುಮಾರು ಒಂದೇ ವರ್ಷ. ಒಂದು ಬೇಸಿಗೆ ಕೆಟ್ಟರೆ ಆ ಅಳಿವೆಯಲ್ಲಿ ಸಂತತಿಯೇ ನಿಂತುಹೋಗಬಹುದು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಒಂದೂ ಉಳಿದಿಲ್ಲ. 1994ರಿಂದ ಅಮೆರಿಕದ ಅಳಿವಿನಂಚಿನ ಪಟ್ಟಿಯಲ್ಲಿದೆ. ಚಳಿಗಾಲದ ಮಳೆ ಬಂದಾಗ ನದಿಯೇ ಮರಳು ಒಡೆಯುತ್ತದೆ. ಆ ಲಯಕ್ಕೆ ಈ ಮೀನು ಒಗ್ಗಿದೆ. ಸಲಿಕೆಗೆ ಒಗ್ಗಿಲ್ಲ.

ಲಾಸ್ ಏಂಜಲೀಸ್ ಕನ್ನಡಿಗ:
2025ರ ಜನವರಿಯಲ್ಲಿ ನಮ್ಮ ಲಾಸ್ ಏಂಜಲೀಸ್ ಕಡೆ ಹಬ್ಬಿದ ಪ್ಯಾಲಿಸೇಡ್ಸ್ ಕಾಡ್ಗಿಚ್ಚು ನೆನಪಿದೆಯಲ್ವಾ? ಮಳೆ ಬಂದರೆ ಬೂದಿಯೆಲ್ಲ ಟೊಪಾಂಗ ಅಳಿವೆಗೆ ಇಳಿಯುತ್ತಿತ್ತು. ಅದಕ್ಕೂ ಮೊದಲೇ ನೂರಾರು ಗೋಬಿ ಹಿಡಿದು ಅಕ್ವೇರಿಯಂಗಳಲ್ಲಿ ಸಾಕಿದರು. ಜೂನ್‌ನಲ್ಲಿ ವಾಪಸ್ ಬಿಟ್ಟರು. ನಮ್ಮ ಮನೆಯ ಸುತ್ತ ಹೊಗೆ ತುಂಬಿದ್ದ ದಿನಗಳವು. ಆಗಲೂ ಈ ಮೀನನ್ನು ನೆನೆದವರಿದ್ದರು ಅನ್ನುವುದು ನನಗೆ ದೊಡ್ಡ ಸಮಾಧಾನ.

ಕುಮಟಾದವಳು:
ಓದಿ ಹೇಳಿದೆ. ಅಪ್ಪ ಮೀನು ಮೊಟ್ಟೆ ಕಾಯುತ್ತದೆ ಎಂದಾಗ ಮಗ ಸುಮ್ಮನಾದ. ದಡದಿಂದ ಕಾಣಿಸುತ್ತದಾ ಅಂತ ಕೇಳುತ್ತಿದ್ದಾನೆ.

ಬಲೆ ಎಳೆಯುವವನು:
ದಡದಿಂದ ಕಷ್ಟ, ಮರಳಿಗೂ ಮೀನಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಮುಂದಿನ ಎಣಿಕೆಯ ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ, ಕರೆದುಕೊಂಡು ಬನ್ನಿ. ಬಕೆಟ್‌ನಲ್ಲಿ ತೋರಿಸಿ ವಾಪಸ್ ಬಿಡುತ್ತೇವೆ.