ಹಳೆಯ ಆಕ್ಟೇವಿಯಾ ಆರ್‌ಎಸ್‌ನ ಬೆಳಗಿನ ಗಡಗಡ: ಎಂಜಿನ್ ಇಳಿಸುವ ಮೊದಲು ಏನು ನೋಡಬೇಕು?

ಆಲ್ದೂರಿನಿಂದ, ಪ್ರಶ್ನೆ ಕೇಳಿದವರು:

ಮಾವನವರ ಶೆಡ್ಡಿನಲ್ಲಿ ಬಹುಕಾಲ ನಿಂತಿದ್ದ 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಈಗ ನನ್ನ ಪಾಲಿಗೆ ಬಂದಿದೆ. 1.8 ಲೀಟರ್ ಟರ್ಬೊ ಪೆಟ್ರೋಲ್, 150 ಅಶ್ವಶಕ್ತಿ. ಓಟದಲ್ಲಿ ಇಂದಿಗೂ ಕುಂದಿಲ್ಲ, ಸದ್ದಿನದೇ ತಲೆನೋವು. ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಎಂಜಿನ್ನಿನ ಮೇಲ್ಭಾಗದಿಂದ ಗಡಗಡ ಎಂದು ಕೆಲವು ಸೆಕೆಂಡು ಸದ್ದು ಬಂದು ನಿಲ್ಲುತ್ತದೆ. ಆಮೇಲೆ ಸಣ್ಣ ಟಿಕ್ ಟಿಕ್ ಉಳಿಯುತ್ತದೆ. ಎಂಜಿನ್ ಬಿಸಿಯಾದರೆ ಅದೂ ಬಹುಪಾಲು ಅಡಗುತ್ತದೆ. ಇವೆರಡೂ ಸಾಲದೆಂಬಂತೆ ಚಾರ್ಮಾಡಿ ಘಾಟಿ ಹತ್ತುವಾಗ ಮೂರನೇ ಗೇರಿನಲ್ಲಿ ತಗಡು ನಡುಗಿದಂಥ ಇನ್ನೊಂದು ಸದ್ದು.

ಗ್ಯಾರೇಜೊಂದರಲ್ಲಿ ತೋರಿಸಿದೆ. ಬಾನೆಟ್ ಎತ್ತಿ ಅರೆನಿಮಿಷ ಕೇಳಿ, "ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು" ಎಂದರು. ಒಪ್ಪುವ ಮೊದಲು ಇಂಥ ಕಾರು ಇಟ್ಟುಕೊಂಡವರ ಅನುಭವ ತಿಳಿಯಬೇಕಾಗಿದೆ. ಆಯಿಲ್, ಟೈಮಿಂಗ್ ಬೆಲ್ಟ್ ಕೊನೆಯದಾಗಿ ಯಾವಾಗ ಬದಲಾದವು ಎಂಬುದಕ್ಕೆ ಒಂದು ಚೀಟಿಯೂ ಇಲ್ಲ.

ಸಕಲೇಶಪುರದಿಂದ, ಕಾಫಿ ಬೆಳೆಗಾರರು:

ಒಪ್ಪಬೇಡಿ. ಬೇರಿಂಗ್ ಹೋದ ಎಂಜಿನ್ನಿನ ಲಕ್ಷಣವೇ ಬೇರೆ. ಬಿಸಿಯಾಗಿ ಆಯಿಲ್ ತೆಳುವಾದಷ್ಟೂ ಅದರ ಕುಟ್ಟು ಜೋರಾಗುತ್ತದೆ. ನಿಮ್ಮದು ಬಿಸಿಯಾದಂತೆ ಅಡಗುತ್ತಿದೆ. ಇದು ಆಯಿಲ್ ಮೇಲಕ್ಕೆ ತಡವಾಗಿ ತಲುಪುತ್ತಿರುವ ಸದ್ದು. ನಮ್ಮ ಮನೆಯಲ್ಲಿದ್ದ ಇದೇ ಎಂಜಿನ್ನಿನ ಕಾರಿಗೆ ಅಗ್ಗದ ಆಯಿಲ್ ಫಿಲ್ಟರ್ ಹಾಕಿದ್ದರು. ಎಂಜಿನ್ ನಿಂತ ಮೇಲೆ ಆಯಿಲ್ ಹಿಂದಕ್ಕೆ ಸೋರದಂತೆ ತಡೆಯುವ ರಬ್ಬರ್ ವಾಲ್ವ್ ಫಿಲ್ಟರಿನೊಳಗೆ ಇರುತ್ತದೆ. ಅದು ಗಟ್ಟಿಯಾಗಿದ್ದರೆ ರಾತ್ರಿಯಿಡೀ ಆಯಿಲ್ ಕೆಳಗಿಳಿದು, ಬೆಳಿಗ್ಗೆ ಎಲ್ಲವೂ ಒಣಗಿಯೇ ತಿರುಗತೊಡಗುತ್ತವೆ. ಒಳ್ಳೆಯ ಫಿಲ್ಟರ್ ಹಾಕಿದ ಮರುದಿನವೇ ನಮ್ಮ ಕಾರಿನ ಅರ್ಧ ಸದ್ದು ಹೋಯಿತು.

ಕಡೂರಿನಿಂದ:

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕೆ? 20ಡಬ್ಲ್ಯು-50 ಹಾಕಿಸಿ. ದಪ್ಪ ಆಯಿಲ್ ಬಿದ್ದರೆ ಹಳೆಯ ಎಂಜಿನ್ ಸುಮ್ಮನಾಗುತ್ತದೆ.

ಹಾಸನದಿಂದ, ಗ್ಯಾರೇಜು ನಡೆಸುವವರು:

ಕಡೂರಿನವರ ಸಲಹೆಯನ್ನು ದಯವಿಟ್ಟು ಈ ಕಾರಿಗೆ ಪಾಲಿಸಬೇಡಿ. ಡಿಸೆಂಬರಿನ ಆಲ್ದೂರಿನ ಬೆಳಗಿನ ಚಳಿಯಲ್ಲಿ ಅಷ್ಟು ದಪ್ಪದ ಆಯಿಲ್ ಮೇಲೆ ವಾಲ್ವ್ ತೆರೆಯುವ ದಂಡವಾದ ಕ್ಯಾಮ್‌ವರೆಗೆ, ಟರ್ಬೊವರೆಗೆ ತಲುಪಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ಸದ್ದು ಮುಚ್ಚಿಹೋಗಬಹುದು, ಸವೆತ ನಿಲ್ಲುವುದಿಲ್ಲ. ಈ ಎಂಜಿನ್ನಿಗೆ ಬೇಕಾದದ್ದು 502.00 ಎಂಬ ಫೋಕ್ಸ್‌ವ್ಯಾಗನ್ ಮಾನದಂಡ ಮುದ್ರಿಸಿರುವ ಪೂರ್ಣ ಸಿಂಥೆಟಿಕ್ ಆಯಿಲ್. 5ಡಬ್ಲ್ಯು-40 ಸುಲಭವಾಗಿ ಸಿಗುತ್ತದೆ.

ಸಕಲೇಶಪುರದವರ ಮಾತು ಮುಕ್ಕಾಲು ಸರಿ. ಆದರೆ ಸವೆದ ಬೇರಿಂಗ್ ಕೂಡ ಆಯಿಲ್ ಒತ್ತಡ ಏರುವವರೆಗೆ ಒಂದೆರಡು ಸೆಕೆಂಡು ಕುಟ್ಟಬಹುದು. ಆದ್ದರಿಂದ ಊಹೆ ಬಿಟ್ಟು ಅಳೆಯಬೇಕು. ಫಿಲ್ಟರ್ ಕೂರುವ ಭಾಗದಲ್ಲಿರುವ ಆಯಿಲ್ ಪ್ರೆಶರ್ ಸ್ವಿಚ್ ಬಿಚ್ಚಿಸಿ ಅಲ್ಲಿಗೆ ಮೀಟರ್ ಹಾಕಿಸಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ (ಆಕ್ಸಲರೇಟರ್ ಒತ್ತದೆ) ಒಮ್ಮೆ, 2000 ಆರ್‌ಪಿಎಂನಲ್ಲಿ ಒಮ್ಮೆ ಓದಿ, ನಿಮ್ಮ ಎಂಜಿನ್ ಕೋಡಿಗೆ (ಎಂಜಿನ್ನಿನ ಮಾದರಿ ಸೂಚಿಸುವ ಅಕ್ಷರಗಳಿಗೆ) ಕೈಪಿಡಿಯಲ್ಲಿ ಕೊಟ್ಟ ಅಂಕಿಗೆ ಹೋಲಿಸಿ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೊತ್ತಿಲ್ಲವೆಂದು ನೆಮ್ಮದಿಯಿಂದ ಇರಬೇಡಿ. ಅದು ಹೊತ್ತುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಮೀಟರ್ ಸಿಗುವವರೆಗೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ. ಐಡ್ಲಿಂಗಿನಲ್ಲಿ ಕ್ಲಚ್ ಪೂರ್ತಿ ಒತ್ತಿ. ಸದ್ದು ನಿಂತರೆ ಅಥವಾ ಬದಲಾದರೆ ಗೇರ್‌ಬಾಕ್ಸ್ ಬೇರಿಂಗ್ ಅಥವಾ ಎರಡು ಭಾಗದ ಫ್ಲೈವೀಲ್ ಕಡೆಗೆ ನೋಡಬೇಕು, ಎಂಜಿನ್ನಿಗೆ ಕೈ ಹಚ್ಚುವುದೇ ಬೇಡ. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು ತುದಿಯನ್ನು ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನ ಎರಡೂ ಕೊನೆಗಳಿಗೆ, ತಳದ ಆಯಿಲ್ ತಟ್ಟೆಯಾದ ಸಂಪ್‌ಗೆ, ಆಲ್ಟರ್ನೇಟರಿಗೆ ಮುಟ್ಟಿಸಿ ಕೇಳಿ. ತೋಳು, ಟವಲ್ಲು ಬೆಲ್ಟಿನ ಹತ್ತಿರ ಹೋಗದಂತೆ ಎಚ್ಚರ. ಆಲ್ಟರ್ನೇಟರ್, ಎಸಿ ಕಂಪ್ರೆಸರ್ ಮೇಲೆ ಅನುಮಾನ ಬಂದರೆ ಹೊರಗಿನ ಬೆಲ್ಟ್ ಬಿಚ್ಚಿ ಎಂಜಿನ್ನನ್ನು ಅರ್ಧ ನಿಮಿಷ ಓಡಿಸಿ ನೋಡಬಹುದು. ಈ ಎಂಜಿನ್ನಿನಲ್ಲಿ ವಾಟರ್ ಪಂಪ್ ಒಳಗಿನ ಟೈಮಿಂಗ್ ಬೆಲ್ಟಿನಿಂದ ತಿರುಗುವುದರಿಂದ ಅಷ್ಟು ಹೊತ್ತಿಗೆ ತೊಂದರೆಯಿಲ್ಲ.

ಸದ್ದಿನ ಲಯವೂ ಬಹಳ ಹೇಳುತ್ತದೆ. ಐಡ್ಲಿಂಗಿನಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ದಂಡ) ನಿಮಿಷಕ್ಕೆ ಸುಮಾರು 800 ಸುತ್ತು, ಅಂದರೆ ಸೆಕೆಂಡಿಗೆ 13. ಕ್ಯಾಮ್ ಅದರ ಅರ್ಧ ವೇಗದಲ್ಲಿ ತಿರುಗುತ್ತದೆ. ತೆಳುವಾಗಿ, ನಿಧಾನವಾಗಿ ಕೇಳುವ ಟಿಕ್ ಮೇಲಿನ ಭಾಗದ್ದು. ಕೆಳಗಿನಿಂದ ಅದರ ಎರಡರಷ್ಟು ಚುರುಕಾಗಿ, ಭಾರವಾಗಿ ಬರುವ ಕುಟ್ಟು ಕ್ರ್ಯಾಂಕಿನದು. ಕುಟ್ಟು ಕೇಳಿದರೆ ಇಂಜೆಕ್ಟರ್ ಪ್ಲಗ್ಗುಗಳನ್ನು ಒಂದೊಂದಾಗಿ ಕಳಚಿ ನೋಡಿ. ಯಾವುದನ್ನು ಕಳಚಿದಾಗ ಸದ್ದು ತಗ್ಗುತ್ತದೋ ಆ ಸಿಲಿಂಡರಿನ ರಾಡ್ ಬೇರಿಂಗ್ (ಪಿಸ್ಟನ್ನಿನ ರಾಡ್ ಕ್ರ್ಯಾಂಕಿಗೆ ಸೇರುವಲ್ಲಿರುವುದು) ಸವೆದಿರುತ್ತದೆ. ಕಿಡಿ ಕೊಡುವ ಕಾಯಿಲ್ ಕಳಚಬೇಡಿ, ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ.

ಬೇಲೂರಿನಿಂದ:

ನನ್ನದು 1.5 ವಿಟೆಕ್‌ನ ಹಳೆಯ ಹೋಂಡಾ ಸಿಟಿ. ಅದರಲ್ಲಿಯೂ ಇಂಥದ್ದೇ ಟಿಕ್ ಟಿಕ್ ಇತ್ತು. ಕ್ಯಾಮ್‌ಗೂ ವಾಲ್ವ್‌ಗೂ ನಡುವಿನ ಟ್ಯಾಪೆಟ್‌ನ ಸಡಿಲ ಹೊಂದಿಸಿದ ಮೇಲೆ ಹೋಯಿತು. ಮೊದಲು ಅದನ್ನೇ ಮಾಡಿಸಬಾರದೇಕೆ?

ಹಾಸನದಿಂದ, ಗ್ಯಾರೇಜು ನಡೆಸುವವರು:

ಹೋಂಡಾದಲ್ಲಿ ಟ್ಯಾಪೆಟ್‌ಗೆ ಸ್ಕ್ರೂ ಇದೆ, ಸಂದು ಅಳೆಯುವ ಫೀಲರ್ ಗೇಜ್ ಇಟ್ಟು ಹೊಂದಿಸಬಹುದು. ಆರ್‌ಎಸ್‌ನ ಎಂಜಿನ್ನಿನಲ್ಲಿ ಸಿಲಿಂಡರಿಗೆ ಐದರಂತೆ 20 ವಾಲ್ವ್‌ಗಳು, ಎಲ್ಲಕ್ಕೂ ಹೈಡ್ರಾಲಿಕ್ ಟ್ಯಾಪೆಟ್. ಅವು ಆಯಿಲ್ ತುಂಬಿಕೊಂಡು ತಮ್ಮ ಸಡಿಲವನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಬಹುಕಾಲ ನಿಂತ ಕಾರಿನಲ್ಲಿ ಅವು ಬರಿದಾಗಿರುವುದು ಸಹಜ. ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗುವವರೆಗೆ ಬಿಸಿ ಮಾಡಿ, 2500 ಆರ್‌ಪಿಎಂನಲ್ಲಿ ಎರಡು ನಿಮಿಷ ಹಿಡಿದು, ಆಮೇಲೂ ಟಿಕ್ ಉಳಿದರೆ ಮಾತ್ರ ಟ್ಯಾಪೆಟ್ಟನ್ನು ಅನುಮಾನಿಸಿ.

ಆಲ್ದೂರಿನಿಂದ, ಪ್ರಶ್ನೆ ಕೇಳಿದವರು:

ಎಲ್ಲರಿಗೂ ವಂದನೆ. ಕ್ಲಚ್ ಒತ್ತಿದರೆ ಸದ್ದಿನಲ್ಲಿ ವ್ಯತ್ಯಾಸವಿಲ್ಲ. ಸಂಪ್‌ನಲ್ಲಿ ಕುಟ್ಟು ಕೇಳುತ್ತಿಲ್ಲ. ಸ್ಕ್ರೂಡ್ರೈವರಿನಲ್ಲಿ ಕೇಳಿದಾಗ ಹೆಡ್‌ನ ಗೇರ್‌ಬಾಕ್ಸ್ ಕಡೆಯ ಕೊನೆಯಲ್ಲಿ ಸದ್ದು ಅತಿ ಜೋರು. ಮೀಟರ್ ಹಾಕಿಸಿದೆ: ಬಿಸಿಯಲ್ಲಿ ಆಯಿಲ್ ಒತ್ತಡ ಕೈಪಿಡಿಯ ಕನಿಷ್ಠಕ್ಕಿಂತ ಕೆಳಗಿದೆ. ಹಾಗಾದರೆ ಬೇರಿಂಗೇ ಎನ್ನಬೇಕೆ?

ಹಾಸನದಿಂದ, ಗ್ಯಾರೇಜು ನಡೆಸುವವರು:

ಅವಸರ ಬೇಡ. ಒತ್ತಡ ಕಡಿಮೆಯಾಗಲು ಬೇರಿಂಗ್ ಒಂದೇ ಕಾರಣವಲ್ಲ, ಪಂಪಿಗೆ ಆಯಿಲ್ ಸಿಗದಿದ್ದರೂ ಹೀಗೆಯೇ. ಗೇರ್‌ಬಾಕ್ಸ್ ಕಡೆಯ ಕೊನೆ ಎಂದಿರಲ್ಲ, ಅದೇ ಮುಖ್ಯ ಸುಳಿವು.

ಈ ಎಂಜಿನ್ನಿಗೆ ಬೆಲ್ಟೂ ಇದೆ, ಚೈನೂ ಇದೆ. ಇದು ಗೊತ್ತಿಲ್ಲದ ಮೆಕ್ಯಾನಿಕ್‌ಗಳೇ ಹೆಚ್ಚು. ಬೆಲ್ಟು ತಿರುಗಿಸುವುದು ಹೊಗೆ ಹೊರಬಿಡುವ ವಾಲ್ವ್‌ಗಳ ಎಕ್ಸಾಸ್ಟ್ ಕ್ಯಾಮನ್ನು ಮಾತ್ರ. ಅದರ ಇನ್ನೊಂದು ಕೊನೆಯಲ್ಲಿ, ಗೇರ್‌ಬಾಕ್ಸ್ ಬದಿಗೆ, ಒಂದು ಗಿಡ್ಡ ಚೈನು ಗಾಳಿ ಒಳಬಿಡುವ ವಾಲ್ವ್‌ಗಳ ಇನ್‌ಟೇಕ್ ಕ್ಯಾಮನ್ನು ತಿರುಗಿಸುತ್ತದೆ. ಆ ಚೈನನ್ನು ಬಿಗಿಯಾಗಿ ಹಿಡಿಯುವುದು ಆಯಿಲ್ ಒತ್ತಡದಿಂದ ಕೆಲಸ ಮಾಡುವ ಟೆನ್ಷನರ್. ಅದರ ಪ್ಲಾಸ್ಟಿಕ್ ಪಟ್ಟಿ ಸವೆದಿದ್ದರೆ ಅಥವಾ ಆಯಿಲ್ ತಡವಾಗಿ ಬಂದರೆ ಚೈನು ಸಡಿಲಾಗಿ ಬಡಿಯುತ್ತದೆ. ನೀವು ಹೇಳುವ ಬೆಳಗಿನ ಗಡಗಡ ಅದೇ ಎಂದು ನನ್ನ ಅಂದಾಜು.

ಆದರೂ ಮೊದಲು ಇಳಿಸಬೇಕಾದದ್ದು ಸಂಪ್. ಹೊಸ ಟೆನ್ಷನರಿಗೂ ಆಯಿಲ್ ಬೇಕಲ್ಲ! ಟರ್ಬೊದ ಬಿಸಿಗೆ ಸಿಕ್ಕಿ, ಬದಲಾಗದೆ ಉಳಿದ ಆಯಿಲ್ ಕಪ್ಪು ಕೆಸರಾಗಿ ಪಂಪಿನ ಸ್ಟ್ರೈನರ್ ಜಾಲರಿಯನ್ನು ಮುಚ್ಚುತ್ತದೆ. ಪಂಪನ್ನು ತಿರುಗಿಸುವ ಚೈನಿಗೂ ಬೇರೆ ಟೆನ್ಷನರ್ ಇದೆ, ಅದರ ಪ್ಲಾಸ್ಟಿಕ್ ಮುರಿದು ಚೂರುಗಳು ಜಾಲರಿಯಲ್ಲೇ ಸಿಕ್ಕಿಕೊಳ್ಳುತ್ತವೆ. ಫ್ಲಶ್ ಎಂದು ಮಾರುವ ದ್ರಾವಣ ಸುರಿಯಬೇಡಿ. ಎಲ್ಲೆಲ್ಲೋ ಅಂಟಿಕೊಂಡಿದ್ದ ಕೆಸರೆಲ್ಲ ಒಮ್ಮೆಲೇ ಎದ್ದು ಜಾಲರಿಗೆ ಬಂದು ಕೂರುತ್ತದೆ. ಸಂಪ್ ಬಿಚ್ಚಿ ಕೈಯಲ್ಲೇ ತೊಳೆಯಿಸಿ. ಜೋಡಿಸುವಾಗ ಸಿಲಿಕಾನ್ ತೆಳ್ಳಗೆ ಬಳಿಯಲು ಹೇಳಿ. ಒಳಕ್ಕೆ ಉಬ್ಬಿದ ಸಿಲಿಕಾನ್ ಕಿತ್ತುಬಂದು ಮತ್ತೆ ಅದೇ ಜಾಲರಿಯನ್ನು ಕಟ್ಟುತ್ತದೆ. ಸಂಪ್ ಕೆಳಗಿರುವಾಗಲೇ ಒಂದು ರಾಡ್ ಬೇರಿಂಗ್ ಬಿಚ್ಚಿ ನೋಡಿದರೆ ಆ ಗ್ಯಾರೇಜಿನವರ ಮಾತಿಗೂ ಉತ್ತರ ಸಿಗುತ್ತದೆ.

ಆಲ್ದೂರಿನಿಂದ, ಪ್ರಶ್ನೆ ಕೇಳಿದವರು:

ಸಂಪ್ ಇಳಿಸಿದೆವು. ಜಾಲರಿಯ ಮುಕ್ಕಾಲು ಭಾಗ ಕಪ್ಪಾಗಿ ಕಟ್ಟಿತ್ತು, ಕಂದು ಪ್ಲಾಸ್ಟಿಕ್ ಚೂರುಗಳೂ ಇದ್ದವು. ಬೇರಿಂಗ್ ನುಣುಪಾಗಿದೆ, ಸವೆದರೆ ಕಾಣುವ ತಾಮ್ರದ ಬಣ್ಣ ಎಲ್ಲಿಯೂ ಕಂಡಿಲ್ಲ. ಪಂಪ್ ಚೈನಿನ ಟೆನ್ಷನರ್, ಸ್ಟ್ರೈನರ್, ಆಯಿಲ್, ಫಿಲ್ಟರ್ ಎಲ್ಲ ಹೊಸತು ಹಾಕಿದ ಮೇಲೆ ಒತ್ತಡ ಸರಿಯಾಯಿತು, ಟಿಕ್ ಟಿಕ್ ಹೋಯಿತು. ಬೆಳಗಿನ ಗಡಗಡ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಚಾರ್ಮಾಡಿಯ ಸದ್ದು ಹಾಗೆಯೇ ಇದೆ.

ಹಾಸನದಿಂದ, ಗ್ಯಾರೇಜು ನಡೆಸುವವರು:

ಹಾಗಾದರೆ ಉಳಿದದ್ದು ಕ್ಯಾಮ್ ಚೈನಿನ ಟೆನ್ಷನರ್. ಈ ಎಂಜಿನ್ನಿನ ಕೆಲವು ಮಾದರಿಗಳಲ್ಲಿ ಇದೇ ಟೆನ್ಷನರ್ ವಾಲ್ವ್ ಟೈಮಿಂಗನ್ನೂ ಬದಲಿಸುತ್ತದೆ, ಕೆಲವುಗಳಲ್ಲಿ ಇಲ್ಲ. ಆದ್ದರಿಂದ ಎಂಜಿನ್ ಕೋಡ್ ನೋಡದೆ ತರಿಸಬೇಡಿ. ಕ್ಯಾಮ್‌ಗಳನ್ನು ಎತ್ತಬೇಕಾಗುವುದರಿಂದ ಟೈಮಿಂಗ್ ಬೆಲ್ಟ್ ಹೇಗೂ ಕಳಚಲೇಬೇಕು. ದಾಖಲೆಯೇ ಇಲ್ಲದ ಬೆಲ್ಟನ್ನು ಮತ್ತೆ ಹಾಕಬೇಡಿ. ಅದು ತುಂಡಾದರೆ ಪಿಸ್ಟನ್ನಿಗೆ ವಾಲ್ವ್ ಬಡಿದು ನಿಜವಾಗಿಯೂ ಎಂಜಿನ್ ಇಳಿಸಬೇಕಾಗುತ್ತದೆ. ಬೆಲ್ಟ್, ಅದರ ಟೆನ್ಷನರ್, ವಾಟರ್ ಪಂಪ್ ಒಟ್ಟಿಗೆ ಬದಲಾಗಲಿ.

ಕೆಲಸ ಮಾಡುವವರಿಗೆ ಮೂರು ಮಾತು. ಎರಡು ಕ್ಯಾಮ್‌ಗಳ ಗುರುತುಗಳ ನಡುವೆ ಚೈನಿನ 16 ರೋಲರ್ ಇರಬೇಕು, ಒಂದು ಹೆಚ್ಚೂ ಇಲ್ಲ, ಒಂದು ಕಡಿಮೆಯೂ ಇಲ್ಲ. ಕ್ಯಾಮ್ ಕ್ಯಾಪ್‌ಗಳಿಗೆ ಟಾರ್ಕ್ 10 ನ್ಯೂಟನ್ ಮೀಟರ್ ಅಷ್ಟೇ. ಕೈಯಂದಾಜಿನಲ್ಲಿ ಬಿಗಿದು ಹೆಡ್‌ನ ಬೋಲ್ಟ್ ತೂತಿನ ಥ್ರೆಡ್ ಕಿತ್ತವರನ್ನು ಕಂಡಿದ್ದೇನೆ. ಕ್ಯಾಮ್ ಕೂರಿಸಿದ ಮೇಲೆ ಅರ್ಧ ಗಂಟೆ ಎಂಜಿನ್ ಚಾಲೂ ಮಾಡಬಾರದು. ಉಬ್ಬಿಕೊಂಡ ಹೈಡ್ರಾಲಿಕ್ ಟ್ಯಾಪೆಟ್‌ಗಳು ಇಳಿದು ಕೂರಲು ಅಷ್ಟು ಹೊತ್ತು ಬೇಕು, ಇಲ್ಲವಾದರೆ ವಾಲ್ವ್ ಪಿಸ್ಟನ್ನಿಗೆ ತಗಲುತ್ತದೆ. ಆಮೇಲೂ ಮೊದಲು ಸ್ಪ್ಯಾನರಿನಿಂದ ಕೈಯಲ್ಲೇ ಎರಡು ಸುತ್ತು ತಿರುಗಿಸಿ, ತಡೆ ಇಲ್ಲವೆಂದು ಖಚಿತವಾದ ಮೇಲೆಯೇ ಕೀಲಿ.

ಮೂಡಿಗೆರೆಯಿಂದ:

ಚಾರ್ಮಾಡಿಯ ಸದ್ದಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. 2016, 2017ರಲ್ಲಿ ರ‍್ಯಾಲಿ ಚಾಲಕ ಗೌರವ್ ಗಿಲ್ ಸ್ಕೋಡಾ ಫೇಬಿಯಾದಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿ ಓಡಿಸಲು ಚಿಕ್ಕಮಗಳೂರಿಗೆ ಬಂದಿದ್ದಾಗ ನೋಡಲು ಹೋದವರಲ್ಲಿ ನಾನೂ ಒಬ್ಬ. ಮೆಕ್ಯಾನಿಕ್‌ಗಳು ಬಾನೆಟ್ ಎತ್ತುವ ಮೊದಲೇ ಕಾರಿನ ಕೆಳಗೆ ನುಗ್ಗುತ್ತಿದ್ದರು. ನೀವೂ ಅಲ್ಲಿಂದಲೇ ಶುರು ಮಾಡಿ. ಎಂಜಿನ್ ತಣ್ಣಗಿರುವಾಗ ಸೈಲೆನ್ಸರ್ ಕೊಳವೆಯ ಮೇಲಿನ ಹೀಟ್ ಶೀಲ್ಡ್‌ಗಳನ್ನು ಒಂದೊಂದಾಗಿ ಅಲ್ಲಾಡಿಸಿ. ನಮ್ಮ ಕಡೆಯ ಮಳೆಗೆ ಅವುಗಳ ಬೋಲ್ಟಿನ ತೂತು ತುಕ್ಕು ಹಿಡಿದು ಹಿಗ್ಗುತ್ತದೆ. ಅಗಲವಾದ ವಾಷರ್ ಅಥವಾ ದೊಡ್ಡ ಹೋಸ್ ಕ್ಲಿಪ್ ಸಾಕು. ಕ್ಯಾಟಲಿಟಿಕ್ ಕನ್ವರ್ಟರನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಒಳಗೆ ಕಲ್ಲು ಅಲ್ಲಾಡಿದಂತೆ ಕೇಳಿದರೆ ಅದರೊಳಗಿನ ಜೇನುಗೂಡಿನಂಥ ಭಾಗ ಒಡೆದಿದೆ. ಶೆಡ್ಡಿನಲ್ಲಿ ನಿಂತ ಕಾರಾದ್ದರಿಂದ ಇಲಿಯನ್ನೂ ಮರೆಯಬೇಡಿ. ನಮ್ಮ ಕಾರಿನ ಕೆಳಗಿನ ಪ್ಲಾಸ್ಟಿಕ್ ತಟ್ಟೆಯಲ್ಲಿ ಇಲಿ ಕೂಡಿಟ್ಟ ಅಡಿಕೆ ಗೋಟುಗಳು ಪ್ರತಿ ತಿರುವಿನಲ್ಲೂ ಉರುಳುತ್ತಿದ್ದವು, ನಾವು ಸಸ್ಪೆನ್ಷನ್ ಬದಲಿಸಲು ಹೊರಟಿದ್ದೆವು.

ಇವೆಲ್ಲ ಸರಿಯಿದ್ದು, ಆಕ್ಸಲರೇಟರ್ ಒತ್ತಿದಾಗ ಮಾತ್ರ ಕಿಣಿಕಿಣಿ ಬಂದರೆ ಅದು ಟ್ಯಾಂಕಿನಲ್ಲಿ ಹಳಸಿದ ಪೆಟ್ರೋಲಿನ ನಾಕಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಹದತಪ್ಪಿ ಉರಿಯುವ ಸದ್ದು) ಇರಬಹುದು. ಅದನ್ನೆಲ್ಲ ಹೊರತೆಗೆದು ಹೆಚ್ಚಿನ ಆಕ್ಟೇನಿನ ಪೆಟ್ರೋಲ್ ತುಂಬಿ, ಅದೇ ಏರಿನಲ್ಲಿ ಅದೇ ಗೇರಿನಲ್ಲಿ ಮತ್ತೆ ಓಡಿಸಿ ನೋಡಿ. ಆಕ್ಸಲರೇಟರ್ ಬಿಡುವಾಗ ಬಂದರೆ ಟರ್ಬೊದ ವೇಸ್ಟ್‌ಗೇಟ್ (ಹೆಚ್ಚಿನ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) ಕಡ್ಡಿಯ ಕೀಲು ಸವೆದಿರಬಹುದು. ಎಂಜಿನ್ ಆರಿದಾಗ ಕಡ್ಡಿಯನ್ನು ಬೆರಳಿನಿಂದ ಅಲ್ಲಾಡಿಸಿದರೆ ತಿಳಿಯುತ್ತದೆ. ಯಾವಾಗ ಬರುತ್ತದೆ ಎಂಬುದನ್ನು ಪಕ್ಕದಲ್ಲಿ ಕುಳಿತವರು ಗಮನಿಸಲಿ, ಚಾರ್ಮಾಡಿಯ ತಿರುವುಗಳಲ್ಲಿ ನಿಮ್ಮ ಕಣ್ಣು ರಸ್ತೆಯ ಮೇಲಿರಲಿ.